ಔಷಧ ಹೊಡೆಯುವ ಪೈಪು

18 ಫೆಬ್ರವರಿ 2025, ಮಂಗಳವಾರ, ಜಹೀರಾಬಾದ್

ಸಂಗು ಅಣ್ಣನ ಕಾರಿಗೆ ಬೆಂಕಿ ಹತ್ತಿದ್ದು ನನ್ನಿಂದ. ಎಂಟು ತಿಂಗಳು ಮುಚ್ಚಿಟ್ಟಿದ್ದೆ, ಇವತ್ತು ಅವನಿಗೇ ಹೇಳಿದೆ.

ನೇರ ದಾರಿಯಲ್ಲಿ ಓಡಿಸುವ ಡ್ರ್ಯಾಗ್ ರೇಸಿಗೆಂದು ಕಾರಿಗೆ ಪೆಟ್ರೋಲಿನ ಬದಲು ಮೆಥನಾಲ್ ಹಾಕುತ್ತಿದ್ದೆವು. ಅದಕ್ಕೆ ಕೆಡದಂಥ ಪೈಪನ್ನು ಅಣ್ಣ ಹೈದರಾಬಾದಿನಿಂದ ತರಿಸಿದ್ದ. ನಾನು ಅದನ್ನು ನಾಲ್ಕು ಬೆರಳು ಗಿಡ್ಡ ಕತ್ತರಿಸಿಬಿಟ್ಟೆ. ಹೇಳಲು ನಾಚಿಕೆಯಾಗಿ, ಕಬ್ಬಿಗೆ ಔಷಧ ಹೊಡೆಯುವ ಪೈಪಿನ ತುಂಡು ಜೋಡಿಸಿ ಮೇಲೆ ಕಪ್ಪು ಕವಚ ಏರಿಸಿದೆ. ಔಷಧದ ಪಂಪಿನ ಅಷ್ಟು ಒತ್ತಡ ತಡೆಯುವುದು ಮೆಥನಾಲನ್ನೂ ತಡೆಯುತ್ತದೆ ಅಂದುಕೊಂಡೆ. ಮೆಥನಾಲಿಗೆ ಅದು ಬಿರುಸಾಗಿ ಸೀಳಿಹೋಯಿತು, ಸೋರಿದ್ದು ಬಿಸಿ ಇಂಜಿನ್ನಿಗೆ ತಾಗಿ ಹೊತ್ತಿಕೊಂಡಿತು. ಆ ಬೆಂಕಿ ಬಿಸಿಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಣ್ಣ ಏನೂ ತಿಳಿಯದೆ ಬಾನೆಟ್ ಎತ್ತಿ ಒಳಗೆ ಕೈ ಇಟ್ಟ.

ಸುಟ್ಟ ಗಾಯ ಎಂದೋ ಮಾಯಿತು. ಆದರೆ ಪೈಪಿನ ಕ್ಲಿಪ್ಪು ತಾನೇ ಸಡಿಲು ಬಿಟ್ಟೆನೆಂದುಕೊಂಡು ಅವನು ಅಂದಿನಿಂದ ಗ್ಯಾರೇಜಿನಲ್ಲಿ ಪಾನಾ ಹಿಡಿದಿಲ್ಲ.

"ಕ್ಲಿಪ್ ನೀ ಸರಿನೇ ಬಿಗಿದಿದ್ದಿ ಅಣ್ಣಾ. ಔಷಧ ಹೊಡಿಯೋ ಪೈಪು ನಾ ಹಾಕಿದ್ದೆ" ಅಂದೆ.

ಚೇಷ್ಟೆ ಅಂದುಕೊಂಡು ನಕ್ಕ. "ಕಾರಿಗೇನು ಹುಳ ಬಿದ್ದಿದ್ವೇನಲೇ?"

ನಾನು ನಗಲಿಲ್ಲ. ಅವನು ತನ್ನ ಅಂಗೈ ನೋಡಿಕೊಂಡ. "ಎಂಟು ತಿಂಗ್ಳು ಈ ಕೈನ ಬೈಕೋತ ಕುಂತೀನಿ. ನೀ ದಿನಾ ನನ್ನ ಎದುರಿಗೇ ಕುಂತು ಉಂಡಿ."

ನಾನು ಶಾಲೆ ಬಿಟ್ಟು ಬಂದ ದಿನ ಅಪ್ಪನನ್ನು ತಡೆದು, "ನನ್ನ ಹತ್ತಿರ ಕಲಿಯಲಿ ಬಿಡು" ಎಂದವನು ಇವನೇ.

"ಸ್ವಲ್ಪ ದಿನ ನನ್ನ ಕಣ್ಣಿಗೆ ಬೀಳಬ್ಯಾಡ" ಅಂದ. ಬಾಗಿಲು ದಾಟುವಾಗ ತಿರುಗದೆಯೇ "ಉಂಡು ಮಲ್ಕೋ" ಅಂದ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ತಾಂಡೂರಿನ ಉಮಾಬಾಯಿ ಅತ್ತೆಗೆ ಫೋನ್ ಮಾಡಿದೆ. ಅಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ ಇದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ.