ಅಮೆರಿಕಕ್ಕೆ ಹೋದ ಫೋಟೋ

ಕವಲೇದುರ್ಗ
೯-೭-೧೯೬೯

ಚಿ. ಸೌ. ವರದಾಳಿಗೆ,

ನಿನ್ನ ಅವ್ವ ಜಲಜಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ನನಗೆ ಕಾಗದ ಬರೆದುಕೊಡುವ ಕೈ ತೀರ್ಥಹಳ್ಳಿಯಲ್ಲಿತ್ತು. ನಿನ್ನ ತಂಗಿ ತುಂಗಾ ನಿನ್ನೆ ತಾನೇ ಚಿಕ್ಕಪ್ಪನ ಮನೆಯಿಂದ ಬಂದಳು. ಈಗ ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಅರ್ಧ ಮಾತನ್ನು ತಿದ್ದುತ್ತಾಳೆ. "ಹಾಂಗೆಲ್ಲ ಬರಿಯಕ್ಕಾಗಲ್ಲ ಕಣವ್ವ" ಅನ್ನುತ್ತಾಳೆ. ಹೇಳುವವಳು ನಾನೋ ಇವಳೋ ತಿಳಿಯದಾಗಿದೆ.

ನೀನು ಹೇಗಿದ್ದೀಯ? ಅಳಿಯಂದಿರ ಕಾಲುನೋವು ವಾಸಿಯಾಯಿತೇ? ತುಮರಿಯಿಂದ ಲಾಂಚಿನಲ್ಲಿ ಬರುವಾಗ ಅಂಚಿಗೆ ಕೂರಬೇಡವೆಂದು ಪ್ರತಿ ಕಾಗದದಲ್ಲೂ ಬರೆಸುತ್ತೇನೆ. ಈ ಸಲವೂ ಬರೆಸಿದ್ದೇನೆ.

ತುಂಗಾ ಅಮೆರಿಕಕ್ಕೆ ಹೋಗುವುದು ಗಟ್ಟಿಯಾಯಿತು. ಒಂದು ವರ್ಷ ಅಲ್ಲಿಯ ಶಾಲೆ, ಅಲ್ಲಿಯವರ ಮನೆಯಲ್ಲೇ ಊಟ, ವಾಸ. ಬರುವ ತಿಂಗಳು ಐದಕ್ಕೆ ಹೊರಡುತ್ತಾಳೆ. ಹದಿನಾರು ತುಂಬಿದ ಹುಡುಗಿಯನ್ನು ಕಾಣದ ದೇಶಕ್ಕೆ ಕಳಿಸುತ್ತಾರೆಯೇ ಎಂದು ಊರೆಲ್ಲ ಕೇಳುತ್ತಿದೆ. ನಾನೂ ನನ್ನನ್ನು ಕೇಳಿಕೊಳ್ಳುತ್ತೇನೆ. ಆದರೆ ಇವಳ ಮುಖ ನೋಡಿದರೆ ಬೇಡವೆನ್ನಲು ಬಾಯಿ ಬರುವುದಿಲ್ಲ. ನಿನ್ನ ಅಪ್ಪಯ್ಯ ಇದ್ದಿದ್ದರೆ ಅವರಾದರೂ ಒಂದು ಮಾತು ಹೇಳುತ್ತಿದ್ದರು.

ಪೆಟ್ಟಿಗೆಗೆ ಕಂಬಳಿ ಇಡು ಅಂದೆ. "ಅಲ್ಲಿ ಮನೆ ಒಳಗೆ ಚಳೀನೇ ಇರಲ್ವಂತೆ" ಅಂದಳು. ಶುಂಠಿ ಒಣಗಿಸಿ ಕೊಡುತ್ತೇನೆ ಅಂದೆ, ಅದೂ ಬೇಡವಂತೆ. ನಾನು ಹೇಳಿದ ಒಂದೂ ಪೆಟ್ಟಿಗೆಯೊಳಗೆ ಹೋಗಲಿಲ್ಲ. ನಿನ್ನ ಚಿಕ್ಕಮ್ಮ ಮುಳ್ಳುಚಮಚದಲ್ಲಿ ಉಣ್ಣುವುದನ್ನು ಕಲಿಸಿದ್ದಾಳೆ. ನಿನ್ನೆ ಇಲ್ಲಿ ಕಡುಬನ್ನು ಚುಚ್ಚಿ ತಿಂದು ತೋರಿಸಿದಳು. ನಕ್ಕೂ ನಕ್ಕೂ ಸಾಕಾಯಿತು. ನೀನು ಇರಬೇಕಿತ್ತು.

ಕಾಗದ ಪತ್ರಕ್ಕೆ ಅನುಕೂಲವೆಂದು ಚಿಕ್ಕಪ್ಪ ಮುಕುಂದಯ್ಯನವರು ಅಮೆರಿಕದವರಿಗೆ ತಮ್ಮ ಮನೆಯ ವಿಳಾಸವನ್ನೇ ಕೊಟ್ಟಿದ್ದಾರೆ. ಮನೆಯವರೆಲ್ಲ ಕೂತ ಒಂದು ಫೋಟೋ ಬೇಕಾಗಿತ್ತಂತೆ, ಹೋದ ತಿಂಗಳು ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದರು. ಬಸ್ಸು ಹತ್ತಿದರೆ ನನಗೆ ವಾಂತಿ, ಅವ್ವ ಅಷ್ಟು ದೂರ ಬರುವುದು ಬೇಡವೆಂದು ತುಂಗಾಳೇ ಹೇಳಿ ಕಳಿಸಿದ್ದಳು. ಫೋಟೋ ಚೆನ್ನಾಗಿ ಬಂದಿದೆಯಂತೆ. ಇಲ್ಲಿ ಇವಳ ಪೆನ್ನು ನಿಂತಿತು. ಶಾಯಿ ಮುಗಿಯಿತೆಂದು ಎದ್ದು ಹೋಗಿ ತುಂಬಿಸಿಕೊಂಡು ಬಂದಳು.

ಅಮೆರಿಕದಲ್ಲಿ ಇವಳು ಇರಬೇಕಾದ ಮನೆಯ ಹೆಂಗಸು ಚಿಕ್ಕಮ್ಮನಿಗೆ ಕಾಗದ ಬರೆದಿದ್ದಾಳೆ. ತುಂಗಾ ಅದನ್ನು ಓದಿ ಕನ್ನಡದಲ್ಲಿ ಹೇಳಿದಳು. ಒಳ್ಳೆಯವಳಿರಬೇಕು. ಹುಡುಗಿ ಏನು ಉಣ್ಣುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ, ಹುಷಾರು ತಪ್ಪಿದರೆ ಏನು ಮಾಡಬೇಕು ಎಂದೆಲ್ಲ ಕೇಳಿದ್ದಾಳೆ. ಚಿಕ್ಕಮ್ಮ ಇಂಗ್ಲಿಷಿನಲ್ಲಿ ಎರಡು ಹಾಳೆ ಉತ್ತರ ಬರೆದಿದ್ದಾಳಂತೆ. ಏನು ಬರೆದಳೆಂದು ನಾನು ಕೇಳಲಿಲ್ಲ.

ಇವಳು ಹೊರಡುವ ಮೊದಲು ನೀನು ಎರಡು ದಿನದ ಮಟ್ಟಿಗಾದರೂ ಬಾ. ಅಳಿಯಂದಿರನ್ನು ನಾನು ಕೇಳಿದೆನೆಂದು ಹೇಳು. ನಿಮ್ಮಿಬ್ಬರಿಗೂ ದೇವರು ಆಯುಷ್ಯ ಆರೋಗ್ಯ ಕೊಡಲಿ. ಮನೆ ತುಂಬಿರಲಿ.

ಇಂತಿ ನಿನ್ನ ಅವ್ವ,
ಜಲಜಮ್ಮ

ತಾ. ಕ.: ಅಕ್ಷರ ಬೇರೆಯಾಯಿತೆಂದು ಗಾಬರಿಯಾಗಬೇಡ. ಮೇಲಿನದು ತುಂಗಾ ಬರೆದದ್ದು. ಕಾಗದವನ್ನು ನಾನೇ ಅಂಟಿಸಿ ಡಬ್ಬಕ್ಕೆ ಹಾಕುತ್ತೇನೆಂದು ತಂದು, ಇದನ್ನು ಪೋಸ್ಟಿನ ನಾಗರಾಜಪ್ಪನವರ ಕೈಯಲ್ಲಿ ಬರೆಸುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ಫೋಟೋ ತೆಗೆಸಿದ ದಿನ ನಾನು ತೀರ್ಥಹಳ್ಳಿಗೆ ಹೋಗಿದ್ದೆ. ನಿಂಬೆಹಣ್ಣು ಮೂಸುತ್ತ ಕೂತಿದ್ದೆ, ವಾಂತಿಯಾಗಲಿಲ್ಲ. ಇವಳಿಗೆ ಮುಡಿಸೋಣವೆಂದು ಸೀತಾಳೆ ಹೂವಿನ ದಂಡೆ ಕಟ್ಟಿಕೊಂಡು ಹೋಗಿದ್ದೆ. ಸ್ಟುಡಿಯೋ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಫೋಟೋದವನು, "ತಾಯಿಯೋರು ಯಾರು? ಹುಡುಗಿ ಪಕ್ಕ ಬನ್ನಿ" ಅಂದ. ತುಂಗಾ ಚಿಕ್ಕಮ್ಮನ ಕೈ ಹಿಡಿದು, "ಇವ್ರೇ ನಮ್ಮಮ್ಮ" ಅಂದಳು. ನಿನ್ನ ಚಿಕ್ಕಮ್ಮ ಒಂದು ಗಳಿಗೆ ತಡೆದಳು. ಆಮೇಲೆ ಬಂದು ಕೂತಳು.

ನಾನು ಒಳಗೆ ಹೋಗಲಿಲ್ಲ. ದಂಡೆಯನ್ನು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರದೋ ಮಗಳಿಗೆ ಮುಡಿಸಿದೆ.

"ಇದನ್ನೂ ಬರೀಬೇಕೇನಮ್ಮ?" ಎಂದು ನಾಗರಾಜಪ್ಪ ಈಗ ಕೇಳಿದರು. ಬರೀರಿ ಅಂದೆ. ಇನ್ನು ಯಾರ ಹತ್ತಿರ ಹೇಳಲಿ? ಹೊಟ್ಟೆ ಉರಿಯುತ್ತದೆ ವರದಾ. ಆದರೆ ಆ ಫೋಟೋ ಅಮೆರಿಕಕ್ಕೆ ಹೋಗಿಯಾಯಿತು. ಈಗ ನಾನು ಬಾಯಿ ಬಿಟ್ಟರೆ ಸುಳ್ಳು ಹೇಳಿದ ಹುಡುಗಿ ಬೇಡವೆಂದು ಅವರು ಇವಳನ್ನು ಬಿಟ್ಟಾರು. ನೀನೂ ಇವಳನ್ನು ಬೈಯಬೇಡ. ನಾನು ನೋಡಿದೆನೆಂದು ಇವಳಿಗೆ ಗೊತ್ತಾಗಬಾರದು.

ಒಂದೇ ಒಂದು ಕೆಲಸ ಮಾಡು. ಗುಡುಗಿದರೆ ತುಂಗಾ ನಿದ್ದೆಯಲ್ಲೇ ಎದ್ದು ಕೂರುತ್ತಾಳೆ. ಕರೆದು ಎಬ್ಬಿಸಬಾರದು, ಎಬ್ಬಿಸಿದರೆ ಕಿರುಚಿಕೊಳ್ಳುತ್ತಾಳೆ. ಬೆನ್ನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತರೆ ತಾನಾಗಿ ಮಲಗುತ್ತಾಳೆ. ಇದು ಚಿಕ್ಕಮ್ಮನಿಗೆ ಗೊತ್ತಿಲ್ಲ. ಅವಳಿಗೊಂದು ಕಾಗದ ಬರೆ, ಅವಳು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಬರೆಯಲಿ. ನಿನಗೇ ನೆನಪಾಯಿತೆಂದು ಬರೆ. ಅವ್ವ ಹೇಳಿದಳೆಂದು ಮಾತ್ರ ಬರೆಯಬೇಡ.