ಎರಡು ಮೊಳ ಸರಿದ ಡಬ್ಬ

ಚಾಮರಾಜನಗರ
28-10-2007

ಪ್ರೀತಿಯ ಗಂಗಕ್ಕನಿಗೆ ಗೌರಿಯ ನಮಸ್ಕಾರಗಳು.

ಬೇಗೂರಿನಿಂದ ನೀನು ಬರೆದ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲ, ಬೈದುಕೊಳ್ಳಬೇಡ. ಎಲ್ಲರೂ ಕ್ಷೇಮ ಅಂತ ಬರೆಯೋಣವೆಂದರೆ ಕೈ ಏಳುತ್ತಿಲ್ಲ, ಅಷ್ಟು ಸಿಟ್ಟಿದೆ. ಫೋನು ಮಾಡೋಣವೆಂದರೆ ಅದಿರುವುದು ನಡುಮನೆಯಲ್ಲಿ. ಮನೆಯಲ್ಲಿ ನಮ್ಮವರು ಪಕ್ಕದಲ್ಲೇ ಇರುತ್ತಾರೆ, ಕಾಲೇಜಿನಲ್ಲೂ ಅವರದು ಪಕ್ಕದ ಮೇಜೇ.

ತಾನೇ ದಾರಿ ಕಂಡುಕೊಂಡು ಓಡಾಡುವ ನನ್ನ ರೋಬೋಟಿನ ವಿಷಯ ಹೇಳಿದ್ದೆನಲ್ಲ. ಅದನ್ನು ನೋಡಲು ಕಳೆದ ಸೋಮವಾರ ಮೈಸೂರಿನಿಂದ ಆಯ್ಕೆ ಸಮಿತಿಯವರು ಬಂದಿದ್ದರು. ಮೆಚ್ಚಿದ್ದರೆ ಅಲ್ಲಿ ಎರಡು ವರ್ಷ ಎಂ.ಟೆಕ್ ಓದಲು ಸೀಟು. ಒಂಬತ್ತು ವರ್ಷ ಡಿಪ್ಲೊಮಾ ಹುಡುಗರಿಗೆ ಅದದೇ ಪಾಠ ಒಪ್ಪಿಸಿದವಳಿಗೆ ಇದ್ದದ್ದು ಆ ಒಂದೇ ದಾರಿ.

ಸೂರಿನ ಕೆಳಗೆ ಉಪಗ್ರಹದ ಸಂಕೇತ ಸಿಗುವುದಿಲ್ಲ. ಚಕ್ರ ಎಷ್ಟು ಸುತ್ತಿತು ಅಂತ ಎಣಿಸೋಣವೆಂದರೆ ನುಣ್ಣನೆ ನೆಲದಲ್ಲಿ ಜಾರಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಕಾಲೇಜಿನ ಸಭಾಂಗಣದ ನಾಲ್ಕು ಮೂಲೆಯಲ್ಲೂ ಗೋಡೆಗೆ ಒಂದೊಂದು ಡಬ್ಬ ಹೊಡೆದಿದ್ದೆ. ಅವು ನಮ್ಮ ಕಿವಿಗೆ ಕೇಳದ ಸದ್ದು ಮಾಡುತ್ತವೆ. ಆ ಸದ್ದು ಬರಲು ಎಷ್ಟು ಹೊತ್ತಾಯಿತು ಅಂತ ಅಳೆದು ರೋಬೋಟು ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಹೊಲಕ್ಕೆ ಬಾಂದುಕಲ್ಲು ಇದ್ದ ಹಾಗೆ ಅಂದುಕೋ.

ಅದರ ಹಿಂದಿನ ಶುಕ್ರವಾರ ಕಾಲೇಜಿನಲ್ಲಿ ಆಯುಧಪೂಜೆ. ನಾನು ಅತ್ತೆಯನ್ನು ಗುಂಡ್ಲುಪೇಟೆಗೆ ಬಿಡಲು ಹೋಗಿದ್ದೆ. ಮಾದಪ್ಪನ ಪಟಕ್ಕೆ ಅಡ್ಡವಾಗುತ್ತದೆ ಅಂತ ಒಂದು ಡಬ್ಬ ಕಿತ್ತು ಎರಡು ಮೊಳ ಆಚೆಗೆ ಹೊಡೆದಿದ್ದಾರೆ! ಸುತ್ತ ಬಾಳೆಕಂದು, ತೋರಣ. ಸೋಮವಾರದ ಗಡಿಬಿಡಿಯಲ್ಲಿ ನನಗೆ ಕಾಣಲೇ ಇಲ್ಲ.

ರೋಬೋಟು ಹೂಗುಚ್ಛ ಹೊತ್ತು ಅತಿಥಿಗಳ ಮೇಜಿಗೆ ಹೋಗಬೇಕಿತ್ತು. ಹೋಗಿ ದೀಪದ ಕಂಬಕ್ಕೆ ಗುದ್ದಿತು. ಎಣ್ಣೆಯೆಲ್ಲ ಸಮಿತಿಯ ಅಧ್ಯಕ್ಷರ ಪ್ಯಾಂಟಿನ ಮೇಲೆ. ನಮ್ಮ ವಿಭಾಗದ ಮುಖ್ಯಸ್ಥ ಗುರುಸ್ವಾಮಿ ಎಲ್ಲರೆದುರು, "ಒಗ್ಗರಣೆ ಹಾಕೋ ಕೈಗೆ ಇಂಥದ್ದು ಕೊಟ್ರೆ ಇನ್ನೇನಾಯ್ತದೆ ಸಾರ್" ಅಂದ. ಎಲ್ಲರೂ ನಕ್ಕರು. ಸೀಟು ಹೋಯಿತು.

ಅಟೆಂಡರ್ ರಂಗಸ್ವಾಮಿಯನ್ನು ಹಿಡಿದು ಕೇಳಿದೆ. "ನಂದೇನ್ ತೆಪ್ಪಿಲ್ಲ ಮೇಡಮ್ಮೋರೆ. ದೊಡ್ ಸಾರ್ ಏಳುದ್ರು, ಸರ್ಸ್‌ಬುಟ್ಟೆ. ದೇವ್ರಿಗಿಂತ ಡಬ್ಬ ದೊಡ್ಡದಾ ಅಂದ್ರು" ಅಂದ. ದೊಡ್ ಸಾರ್ ಅಂದರೆ ಗುರುಸ್ವಾಮಿ. ಅದೇ ಜಾಗ ಬೇಕು ಅಂತ ಮಾದಪ್ಪ ಕೇಳಿದ್ದನಾ ಅಕ್ಕ? ಬಾಂದುಕಲ್ಲು ಕಿತ್ತವನನ್ನು ನಮ್ಮೂರಲ್ಲಿ ಸುಮ್ಮನೆ ಬಿಡುತ್ತಿದ್ದರಾ? ಗುರುಸ್ವಾಮಿಯ ಕೋಣೆಗೇ ನುಗ್ಗಿ ಬಾಯಿಗೆ ಬಂದಂತೆ ಬೈದು ಬಂದೆ. ಮೆಮೊ ಕೊಟ್ಟಿದ್ದಾನೆ. ಕೊಡಲಿ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ಸಿಂಧುಗೆ ಚಿಕ್ಕಮ್ಮನ ಆಶೀರ್ವಾದ. ಯಾರು ಏನೇ ಅನ್ನಲಿ, ಗಣಿತ ಬಿಡಬೇಡ ಅಂತ ಹೇಳು.

ನಿನ್ನ ತಂಗಿ
ಮಂಗಳಗೌರಿ

ತಾ.ಕ.: ರಂಗಸ್ವಾಮಿ ಡಬ್ಬ ಕೀಳುವಾಗ ಕೆಳಗೆ ಸ್ಟೂಲು ಹಿಡಿದುಕೊಂಡಿದ್ದವರು ನಮ್ಮವರು. ಮೊದಲು ಆ ಡಬ್ಬಗಳನ್ನು ಗೋಡೆಗೆ ಹೊಡೆದ ದಿನ ನನ್ನ ಜೊತೆ ಟೇಪು ಹಿಡಿದು, ಅರ್ಧ ಇಂಚೂ ತಪ್ಪದಂತೆ ಅಳೆದುಕೊಟ್ಟವರೂ ಅವರೇ. ಒಂದು ಸರಿದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಮೂರು ದಿನ ಒಂದೇ ಮನೆಯಲ್ಲಿದ್ದೂ ಬಾಯಿ ಬಿಡಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ ತಟ್ಟೆಯಿಂದ ತಲೆ ಎತ್ತದೆ, "ಹೋಗ್ಲಿ ಬುಡು, ನೀನು ಮೈಸೂರು ಸೇರ್ಕಂಡ್ರೆ ಮನೆ ನೋಡೋರ್ಯಾರು? ಸಾರು ಹಾಕು" ಅಂದರು. ಗುರುಸ್ವಾಮಿಗೆ ಅಷ್ಟು ಬೈದು ಬಂದವಳು, ಅಕ್ಕ, ಸಾರು ಹಾಕಿದೆ.