ಸುನಯನಾ ಓದುವ ದಿನ

೧೭-೬-೮೬, ಮಂಗಳವಾರ. ಬೆಳಿಗ್ಗೆ ೬

ಗಂಟಲು ಕಟ್ಟಿದೆ. ನಿನ್ನೆಯೂ ಪಂಚಾಯ್ತಿಯಲ್ಲಿ ಟಿ.ವಿ. ನ್ಯೂಸಿಗೆ ಅರ್ಥ ಹೇಳಿ ಬಂದೆ. ರಾತ್ರಿ ಎಂಟೂನಲವತ್ತಕ್ಕೆ ದಿಲ್ಲಿಯಲ್ಲಿ ಅವರು ಹಿಂದಿಯಲ್ಲಿ ಓದುವುದು, ಇಲ್ಲಿ ನಾನು ಕನ್ನಡದಲ್ಲಿ ಕೂಗುವುದು. ಹಗಲೆಲ್ಲ ಮೂರನೇ ಇಯತ್ತೆಯ ಹುಡುಗರ ಮುಂದೆ ಕೂಗಿದ್ದು ಸಾಲದು ಅಂತ.

ಹಿಂದಿ ಪರೀಕ್ಷೆ ಪಾಸು ಮಾಡಿದ್ದೇ ತಪ್ಪಾಯಿತು. ಊರಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಅದಕ್ಕೇ ನಾನು ಒಳಗೆ. ಟಿ.ವಿ. ಬಾಜೂಕ್ಕೆ ಒಂದು ಸ್ಟೂಲು. ಅಪ್ಪ ಹೊರಗೆ, ಕಿಟಕಿಯ ಸರಳು ಹಿಡಿದು ನಿಂತಿರುತ್ತಾನೆ, ನಮ್ಮ ಕೇರಿಯ ಮಂದಿಯ ಜೊತೆ. ನನ್ನ ಬಾಯಿ ಬೇಕು, ನನ್ನ ಮಂದಿ ಬೇಡ.

ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದೆ — ಸಮುದಾಯ ಟಿ.ವಿ. ಸರ್ಕಾರ ಇಡೀ ಊರಿಗೆ ಕೊಟ್ಟದ್ದು. ಚೇರಮನ್ ಶಂಭುಲಿಂಗಪ್ಪನವರಿಗೆ ಓದಲು ಬರುತ್ತದೆ. ಹಿಂದಿಯಲ್ಲೇನೂ ಬರೆದಿಲ್ಲ.

ನಿನ್ನೆ ನನ್ನ ಕಡೆ ತಿರುಗಿ, "ಅಕ್ಕೋರ, ಆ ಕಡೀ ಮಾತು ಕೇಳಸಲಿಲ್ಲ, ಇನ್ನೊಮ್ಮೆ ಹೇಳ್ರಿ" ಅಂದರು. ಅದೇ ಉಸಿರಿನಲ್ಲಿ ಕಿಟಕಿಯ ಕಡೆ, "ಲೇ ಉಡಚ್ಯಾ, ಗಾಳಿಗೆ ಅಡ್ಡ ನಿಂದರಬ್ಯಾಡೋ." ಮಗಳಿಗೆ ರಿ. ಅಪ್ಪನಿಗೆ ಲೇ. ಹಲ್ಲು ಕಚ್ಚಿಕೊಂಡು ಅರ್ಥ ಹೇಳಿದೆ.

೧೮-೬-೮೬, ಬುಧವಾರ. ಬೆಳಿಗ್ಗೆ

ಏನು ಮಾಡಿಬಿಟ್ಟೆ!

ನ್ಯೂಸಿಗೆ ಮುಂಚೆ ದಿನಾ ಒಂದು ಆಟ. ಇವತ್ತು ಯಾರ ಪಾಳಿ — ಒಂದು ಚಹಾ ಪಣ. ಓದುವವರಿಗೆಲ್ಲ ಊರವರೇ ಹೆಸರಿಟ್ಟಿದ್ದಾರೆ. ಕನ್ನಡಕದಾಂವ. ದುಂಡ ಕುಂಕುಮದಾಕಿ. ನೀರು ಕುಡಿಯಾಂವ. ಹೆಸರು ಬದಲಾಗದೆ ಉಳಿದವಳು ಒಬ್ಬಳೇ, ಸುನಯನಾ. ಅವಳ ಪಾಳಿಗೆ ಪಣವಿಲ್ಲ, ಮಂಗಳವಾರ, ಶುಕ್ರವಾರ ಬಂದೇ ಬರುತ್ತಾಳೆ. ಬೈತಲೆ ಎಡಕ್ಕೆ. ಗಡಿಯಾರ ಬಲಗೈಗೆ. ಇಷ್ಟು ದಿನದಲ್ಲಿ ಕೆಮ್ಮಿದ್ದು ಒಂದೇ ಸಲ, ಹೋಳಿ ಹುಣ್ಣಿಮೆಯ ಮರುದಿನ. ತಮ್ಮ ಮನೆಯ ಎಮ್ಮೆ ಯಾವಾಗ ಈದಿತು ಅನ್ನುವುದು ಮರೆತಾರು, ಇದು ಮರೆಯುವುದಿಲ್ಲ.

ಪರದೆಯ ಮೇಲೆ ಬರೀ 'ಸುನಯನಾ' ಅಂತ ಬರುತ್ತದೆ. ಅಡ್ಡಹೆಸರಿಲ್ಲ. ಇದೇ ಇವರಿಗೆ ಹೊಟ್ಟೆನೋವು. ಯಾರ ಪೈಕಿ ಅಂತ ತಿಳಿಯದೆ ನ್ಯೂಸ್ ಕೇಳುವುದಾದರೂ ಹೇಗೆ!

ನಿನ್ನೆ ಚೇರಮನ್ನರ ತಾಯಿ ಶಾರದವ್ವ, ಬೆತ್ತದ ಕುರ್ಚಿಯಲ್ಲಿ ಕೂತು ತೀರ್ಪು ಕೊಟ್ಟರು: "ಮುಖದಾಗ ಕಳಿ ನೋಡ. ಎಂಥಾ ನೆಟ್ಟಗ ಕುಂತಾಳ. ಆಕಿ ನಮ್ಮ ಪೈಕೀನ ಇರಬೇಕು. ಕುಲಾ ಇದ್ದಲ್ಲೇ ಕಳಿ." ಎಲ್ಲರೂ ಹೌದ್ರಿ ಹೌದ್ರಿ. ಕಿಟಕಿಯಲ್ಲಿ ಅಪ್ಪನೂ ತಲೆ ಆಡಿಸಿದ! ಅದನ್ನು ನೋಡಿ ನನ್ನ ಮೈ ಉರಿದು ಹೋಯಿತು.

"ಆಕಿ ನಮ್ಮಾಕಿರಿ" ಅಂದೆ.

"ಅಂದ್ರ?"

"ನಮ್ಮ ಕೇರಿ ಪೈಕಿ. ನಾಗಪುರದಾಕಿ. ಅವರಪ್ಪ ಗಿರಣಿಯೊಳಗ ಕೂಲಿ. ಪೇಪರದಾಗ ಬಂದಿತ್ತು."

ಯಾವ ಪೇಪರು? ಯಾವ ನಾಗಪುರ? ಬಾಯಿಗೆ ಬಂದದ್ದು ಅಂದುಬಿಟ್ಟೆ. ಸುನಯನಾ ಒಬ್ಬಳೇ ಮಾತಾಡುತ್ತಿದ್ದಳು. ಯಾರೂ ಅರ್ಥ ಕೇಳಲಿಲ್ಲ.

೨೧-೬-೮೬, ಶನಿವಾರ. ಮಧ್ಯಾಹ್ನದ ಸೂಟಿ

ಸುಳ್ಳಿಗೆ ಕಾಲಿಲ್ಲ ಅಂತಾರೆ. ನನ್ನ ಸುಳ್ಳಿಗೆ ನೂರು ಕಾಲು.

ನಿನ್ನೆ ಶುಕ್ರವಾರ. ಕಿಟಕಿಯ ಹೊರಗೆ ಕೇರಿಗೆ ಕೇರಿಯೇ. ಅಪ್ಪ ವಾರದ ನಡುವೆ ಗಡ್ಡ ಮಾಡಿಸಿಕೊಂಡಿದ್ದ. ಬಾಜೂ ಮನೆಯ ಮರೆವ್ವಾಯಿ ಸರಳಿನ ಸಂದಿಯಿಂದ ಕೈ ಹಾಕಿ ಟಿ.ವಿ.ಗೆ ದೃಷ್ಟಿ ತೆಗೆದು ಲಟಲಟ ನೆಟಿಕೆ ಮುರಿದಳು.

ಮೂರೇ ದಿನದಲ್ಲಿ ಕೇರಿಗೆ ಗೊತ್ತಾಗಿರುವ ಸಂಗತಿಗಳು: ಸುನಯನಾ ನಾಲ್ಕು ಮಂದಿ ಅಕ್ಕತಂಗಿಯರಲ್ಲಿ ಹಿರಿಯಳು. ಬೀದಿ ದೀಪದ ಕೆಳಗೆ ಓದಿದವಳು. ತಾಯಿ ರೊಟ್ಟಿ ಬಡಿದು ಮಾರುತ್ತಿದ್ದಳು. ಇನ್ನೂ ಮದುವೆಯಿಲ್ಲ, ತಂಗಿಯರದು ಆಗಲಿ ಅಂತ ಕಾಯುತ್ತಿದ್ದಾಳೆ. ಬರುವ ಜಯಂತಿಗೆ ಹುಬ್ಬಳ್ಳಿಗೆ ಬರುತ್ತಾಳೆ. ಇದರಲ್ಲಿ ಒಂದೂ ನಾನು ಹೇಳಿದ್ದಲ್ಲ. ಅಲ್ಲ ಅನ್ನಲೂ ಇಲ್ಲ.

ಒಳಗೆ ಶಾರದವ್ವ ಸುನಯನಾ ಬಂದ ಕೂಡಲೆ ಕುತ್ತಿಗೆ ನೋವು ಅಂತ ಎದ್ದು ಹೋದರು. ಚೇರಮನ್ನರು ನನಗೆ, "ಆ ಪೇಪರ ಒಮ್ಮೆ ತೋರಸ್ರಿ ಅಕ್ಕೋರ" ಅಂದರು. ಬಲು ಮೆತ್ತಗೆ.

೨೫-೬-೮೬, ಬುಧವಾರ. ಬೆಳಿಗ್ಗೆ ೫-೩೦

ನಿದ್ದೆ ಇಲ್ಲ. ಬರೆದಾದರೂ ಸಿಟ್ಟು ಇಳಿಯಲಿ.

ನಿನ್ನೆ ಅಪ್ಪ ಒಳಗೆ ಬಂದ. ಕಿಟಕಿಯ ಹತ್ತಿರ ಹೋಗಲೇ ಇಲ್ಲ. ಬಾಗಿಲಿನಿಂದ ನೆಟ್ಟಗೆ ಬಂದು ಟಿ.ವಿ. ಎದುರು, ನೆಲದ ಮೇಲೆ ಕೂತ. ಮೂವತ್ತು ವರ್ಷ ಚೇರಮನ್ನರ ಹೊಲದಲ್ಲಿ ದುಡಿದರೂ ಅವರ ಕಟ್ಟೆ ಹತ್ತದವನು.

"ಏನಲೇ ಉಡಚ್ಯಾ?"

"ನಮ್ಮ ಹುಡುಗಿ ಮಾತಾಡ್ತಾಳ್ರಿ. ಮುಂದ ಕುಂತು ನೋಡತೇನಿ."

ಚೇರಮನ್ನರು ಪಂಚಾಯ್ತಿ ಸಿಪಾಯಿ ಅಂದಾನೆಪ್ಪನ ಕಡೆ ನೋಡಿದರು. ಟಿ.ವಿ. ಕೀಲಿಕೈ ಅವನ ಹತ್ತಿರ. ಹೋಗಿ ಬಂದ್ ಮಾಡಿ, "ಕರೆಂಟ್ ಹೋತ್ರಿ" ಅಂದ.

ತಲೆಯ ಮೇಲೆ ಬಲ್ಬು ಧಗಧಗ ಉರಿಯುತ್ತಿದೆ!

"ಬಲ್ಬ್ ಹತ್ತೇತಲ್ಲೋ ಅಂದಾನೆಪ್ಪ" ಅಂದ ಅಪ್ಪ. ಅವನು ಕೀಲಿಕೈ ಕಿಸೆಗೆ ಹಾಕಿಕೊಂಡ. ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಕರೀ ಗಾಜಿನ ಮುಂದೆ ನ್ಯೂಸ್ ಮುಗಿಯುವ ಹೊತ್ತಿನ ತನಕ ಕೂತೇ ಇದ್ದ. ನಾನು ಬಾಜೂಕ್ಕೆ. ಚೇರಮನ್ನರ ಕೊರಳಪಟ್ಟಿ ಹಿಡಿದು ಬಲ್ಬಿನ ಕೆಳಗೆ ನಿಲ್ಲಿಸಿ ಕೇಳಬೇಕಿತ್ತು, ಇದೇನ್ರಿ ಅಂತ. ಕೇಳಲಿಲ್ಲ. ನೌಕರಿ.

೫-೭-೮೬, ಶನಿವಾರ

ಬರೆಯಲು ಆಗಿರಲಿಲ್ಲ. ನಡೆದದ್ದು ಇಷ್ಟು — ಮಂಗಳವಾರ, ಶುಕ್ರವಾರ ಬಂದರೆ ಟಿ.ವಿ. ಕೆಡುತ್ತದೆ. ಉಳಿದ ದಿನ ಗಟ್ಟಿಮುಟ್ಟು. ಅಪ್ಪ ಉಳಿದ ದಿನ ಹೋಗುವುದಿಲ್ಲ. "ಬ್ಯಾರೆದವರ ಕೂಡ ನಂದೇನೈತಿ?" ಅಂತಾನೆ. ಆ ಎರಡು ದಿನ ಮಾತ್ರ ಹೋಗಿ ಕೆಟ್ಟ ಟಿ.ವಿ. ಮುಂದೆ ಕೂರುತ್ತಾನೆ. ನಿನ್ನೆ ಅವನ ಹಿಂದೆ ಕೇರಿಯವರು ಹನ್ನೊಂದು ಮಂದಿ. ಮರೆವ್ವಾಯಿ ಎಲಿಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದಳು.

ಮೇಲಿನ ಓಣಿಯವರಿಗೆ ಈಗ ಹೊಟ್ಟೆ ಉರಿ. ಶುಕ್ರವಾರದ ಸಿನಿಮಾ ಹಾಡು ಹೋಯಿತಲ್ಲ! ಹಲ್ಲುಪುಡಿ, ಸಾಬೂನಿನ ಜಾಹೀರಾತೂ ಹೋದವು. ಅರ್ಥ ಹೇಳುವವರು ಬೇಡದ್ದು ಅವೆರಡೇ. ನಿನ್ನೆ ಕಿರಾಣಿ ಅಂಗಡಿಯ ಈರಬಸಪ್ಪ ಎದುರಿಗೇ ಅಂದ, "ಚೇರಮನ್ರ, ಅವರು ಕುಂತ್ರ ನಮಗ ಏನ್ ಹತ್ತೇತ್ರಿ? ಹಾಡು ಹಚ್ಚಸ್ರಿ." ನ್ಯಾಯಕ್ಕಲ್ಲ, ಹಾಡಿಗೆ. ಆದರೂ ಅಂದ.

೯-೭-೮೬, ಬುಧವಾರ. ಬೆಳಿಗ್ಗೆ

ಹಚ್ಚಿದರು!

ಅಪ್ಪ ಮುಂದೆ, ಹಿಂದೆ ನಮ್ಮವರು. ಆಮೇಲೆ ಒಂದು ಮೊಳ ಜಾಗ ಬಿಟ್ಟು ಅವರು. ಬಿಡಲಿ. ಸುನಯನಾ ಬಂದು ನಮಸ್ಕಾರ ಅಂದಳು. ಅಪ್ಪ ಕೈ ಮುಗಿದು, "ಆರಾಮ ಅದೀಯೇನವಾ?" ಅಂದ. ಯಾರೂ ನಗಲಿಲ್ಲ. ನಾನು ಅರ್ಥ ಹೇಳಿದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಎಂದೂ ಬಂದಿರಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಒಂದೇ ಮಾತು ಹತ್ತು ಸಲ ಹೇಳಿದ — "ಹತ್ರದಿಂದ ನೋಡಿದ್ರ ಆಕಿ ಮೂಗಿನ ಮ್ಯಾಲೆ ಒಂದು ಮಚ್ಚಿ ಐತಿ. ಕಿಟಕ್ಯಾಗಿಂದ ಕಾಣತಿರಲಿಲ್ಲ."

ಈ ಸಂತೋಷಕ್ಕೆ ಬುಡವೇ ಇಲ್ಲ. ಗೊತ್ತಿದೆ. ಆದರೂ ಬಾಯಿ ಬಿಡಲಿಲ್ಲ.

೧೭-೭-೮೬, ಗುರುವಾರ. ಮಧ್ಯಾಹ್ನ

ಈಗ ತಾನೇ ಅಂದಾನೆಪ್ಪ ಶಾಲೆಗೆ ಬಂದು ಕರೆದುಕೊಂಡು ಹೋದ. ಚೇರಮನ್ನರ ಕೈಯಲ್ಲಿ ಹುಬ್ಬಳ್ಳಿಯಿಂದ ತಂದ ಒಂದು ಹಿಂದಿ ವಾರಪತ್ರಿಕೆ. ನಡುವಿನ ಪುಟ ಮಡಚಿಟ್ಟಿದ್ದರು. 'ಟಿ.ವಿ. ಮುಖಗಳು — ನಿಮಗೆಷ್ಟು ಗೊತ್ತು?' ಸುನಯನಾ ನಗುತ್ತಿರುವ ಫೋಟೋ. ಟಿ.ವಿ.ಯಲ್ಲಿ ಎಂದೂ ನಗದವಳು.

ಪೂರ್ತಿ ಹೆಸರು ಸುನಯನಾ ಚತುರ್ವೇದಿ. ಊರು ಅಲಹಾಬಾದ್. ತಂದೆ ಜಡ್ಜ್. ಇಷ್ಟದ ತಿಂಡಿ ಮೂಲಂಗಿ ಪರಾಠಾ. ಇಷ್ಟದ ಬಣ್ಣ ತಿಳಿನೀಲಿ. ಬೆಕ್ಕು ಕಂಡರೆ ಹೆದರಿಕೆ. ಎಡಗೈಯಲ್ಲಿ ಬರೆಯುತ್ತಾಳೆ, ಅದಕ್ಕೇ ಗಡಿಯಾರ ಬಲಗೈಗೆ.

"ಹುಬ್ಬಳ್ಳ್ಯಾಗ ಒಬ್ರು ಓದಿ ಹೇಳ್ಯಾರ, ನನಗ ತಿಳದೈತಿ" ಅಂದರು. "ಮಂದಿಗೆ ನೀವ ಹೇಳ್ರಿ ಅಕ್ಕೋರ. ನಾಳೆ, ಎಲ್ಲಾರ ಮುಂದ. ಅರ್ಥಾ ಹೇಳೂದು ನಿಮ್ಮ ಕೆಲಸಲ್ಲೇನು?"

ನಗುತ್ತಿದ್ದರು. ಆ ನಗೆಯ ಮೇಲೆ ಪತ್ರಿಕೆ ಎಸೆದು ಬರಬೇಕಿತ್ತು. ಮಡಚಿ ಚೀಲದಲ್ಲಿ ಇಟ್ಟುಕೊಂಡು ಬಂದೆ. ಈ ಹೆಣ್ಣುಮಗಳ ಮೇಲೂ ಸಿಟ್ಟು ಬರುತ್ತಿದೆ. ಪರಾಠಾ ತಿನ್ನು, ಏನಾದರೂ ತಿನ್ನು, ಅಡ್ಡಹೆಸರು ಯಾಕೆ ಹೇಳಬೇಕಿತ್ತು?

೧೮-೭-೮೬, ಶುಕ್ರವಾರ. ಬೆಳಿಗ್ಗೆ ೭

ಅಪ್ಪನಿಗೆ ಮೊದಲು ನಾನೇ ಹೇಳಬೇಕು ಅಂತ ಹೇಳಿದೆ. ರೊಟ್ಟಿ ತಿನ್ನುತ್ತಿದ್ದ. ಕೈ ನಿಂತಿತು.

"ಹಂಗಾರ ಇಷ್ಟ ದಿನ ನಾ ಯಾರ ಮುಂದ ಕುಂತಿದ್ದೆ?"

"ಯಾರ ಮುಂದ ಆದ್ರೇನು? ಪೆಟಿಗಿ ಊರಂದು. ನಿನ್ನ ಹಕ್ಕೈತಿ. ಪೆಟಿಗ್ಯಾಗ ನಮ್ಮಾಕಿ ಇದ್ರಷ್ಟ ಕುಂದ್ರಬೇಕಂತ ಏನೈತಿ?"

"ಹಕ್ಕೈತಿ ಅನ್ನೂದು ನಿನ್ನಕಿಂತ ಮೊದಲ ಗೊತ್ತೈತಿ ನನಗ. ಗೊತ್ತಿದ್ರ ಸಾಕೇನು? ಕಾಲು ಏಳಬೇಕಲ್ಲವಾ. ಆಕಿ ಹೆಸರಿನ ಮ್ಯಾಲೆ ಎದ್ದಿದ್ದವು. ನೀ ಅದನೂ ಸುಳ್ಳ ಮಾಡಿದಿ."

ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದುಕೊಂಡ. ಅನ್ನ ಬಿಟ್ಟು ಎದ್ದವನಲ್ಲ ಅಪ್ಪ.

೧೯-೭-೮೬, ಶನಿವಾರ

ಓದಿದೆ. ಒಂದಕ್ಷರ ಬಿಡಲಿಲ್ಲ. ಹೆಸರು, ಜಡ್ಜ್, ಪರಾಠಾ, ಬೆಕ್ಕು. ಬೇಕಾದರೆ ತಿರುಚಿ ಹೇಳಬಹುದಿತ್ತು. ಅಷ್ಟು ಮಂದಿಯಲ್ಲಿ ಹಿಂದಿ ಬರುವವಳು ನಾನೊಬ್ಬಳೇ, ಚೇರಮನ್ನರಿಗೆ ತಿಳಿದದ್ದೂ ಬರೀ ಕೇಳಿದ ಮಾತು. ಆದರೆ ಇನ್ನೊಂದು ಸುಳ್ಳಿನ ಮೇಲೆ ಅಪ್ಪನನ್ನು ಕೂರಿಸಲು ಮನಸ್ಸಾಗಲಿಲ್ಲ.

"ನಾ ಸುಳ್ಳ ಹೇಳಿದ್ದೆ" ಅಂದೆ. "ಪೇಪರೂ ಇಲ್ಲ, ನಾಗಪುರಾನೂ ಇಲ್ಲ. ಸಿಟ್ಟಿಗೆ ಹೇಳಿದ್ದೆ."

ಶಾರದವ್ವ, "ನಾ ಹೇಳಲಿಲ್ಲೇನ, ಕುಲಾ ಇದ್ದಲ್ಲೇ ಕಳಿ ಅಂತ" ಅಂದರು. ಹಾಲ್ ತುಂಬ ನಗೆ. ನಮ್ಮವರು ಎದ್ದರು. ಯಾರೂ ಹೊರಗೆ ಹೋಗಿರಿ ಅನ್ನಲಿಲ್ಲ. ತಾವೇ ಎದ್ದು ಹೋದರು! ಅಪ್ಪ ಬಂದೇ ಇರಲಿಲ್ಲ. ಮರೆವ್ವಾಯಿ ಬಾಗಿಲಲ್ಲಿ ನಿಂತು, "ಯಾಕ ಹೇಳಿದಿ ಯವ್ವಾ? ನಾ ಆಕಿಗೆ ದೃಷ್ಟಿ ತಗದಿದ್ನಲ್ಲ" ಅಂದಳು. ಬೈದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ನ್ಯೂಸ್ ಶುರು. "ಹೂಂ, ಅರ್ಥಾ ಹೇಳ್ರಿ ಅಕ್ಕೋರ" ಅಂದರು ಚೇರಮನ್ನರು, ಏನೂ ಆಗಿಲ್ಲದವರ ಹಾಗೆ.

"ನಮ್ಮಪ್ಪ ಇಲ್ಲಿ ಮುಂದ ಕುಂತ ದಿವಸ ಹೇಳತೇನ್ರಿ" ಅಂದೆ. ಎದ್ದು ಬಂದೆ.

೨೮-೭-೮೬, ಸೋಮವಾರ. ಮಧ್ಯಾಹ್ನ

ಹತ್ತು ದಿನದಿಂದ ಟಿ.ವಿ. ಹಿಂದಿಯಲ್ಲಿ ಒದರುತ್ತಿದೆ, ಊರು ಬಾಯಿ ತೆರೆದು ನೋಡುತ್ತಿದೆ.

ಇವತ್ತು ಹೆಡ್‌ಮಾಸ್ತರು ಒಂದು ಕಾಗದ ಕೊಟ್ಟರು. ನನ್ನ ಮೇಲೆ ಅರ್ಜಿ ಹೋಗಿದೆ. 'ಸದರಿ ಶಿಕ್ಷಕಿಯು ಗ್ರಾಮಸ್ಥರಲ್ಲಿ ಸುಳ್ಳು ಸುದ್ದಿ ಹಬ್ಬಿಸಿ ಶಾಂತಿ ಕದಡಿರುತ್ತಾಳೆ.' ಎಂಟು ದಿನದಲ್ಲಿ ಉತ್ತರ ಕೊಡಬೇಕು. ವರ್ಗಾವಣೆ ಮಾಡಿಸುತ್ತಾರಂತೆ. ನಾನು ಒಂದು ಸುಳ್ಳು ಹೇಳಿದೆ, ಎಲ್ಲರ ಮುಂದೆ ಒಪ್ಪಿದೆ. ಉರಿಯುವ ಬಲ್ಬಿನ ಕೆಳಗೆ ನಿಂತು ಕರೆಂಟ್ ಹೋತು ಅಂದವರ ಮೇಲೆ ಯಾರು ಅರ್ಜಿ ಬರೀಬೇಕು?

ಎಲ್ಲಾ ಅಪ್ಪನ ಮುಂದೆ ಹೇಳಿ ಕೂಗಾಡಿದೆ. "ನೀ ಹಿಂಗ ಮನಿ ಹಿಡದು ಕುಂತ್ರ ಅವರು ಗೆದ್ದಂಗಲ್ಲೇನು?" ಅಂದೆ. ಹಗ್ಗ ಹೊಸೆಯುತ್ತಿದ್ದ. ನನ್ನ ಜೊತೆ ಮಾತು ಬಿಟ್ಟು ಹತ್ತು ದಿನ. ಚೇರಮನ್ನರ ಮೇಲಿನ ಸಿಟ್ಟು ತಡೆದುಕೊಂಡೇನು, ಇದನ್ನು ತಡೆಯಲಾರೆ.

೩೧-೭-೮೬, ಗುರುವಾರ. ರಾತ್ರಿ ೮-೨೦

ಅರ್ಜಿಗೆ ಉತ್ತರ ಬರೆಯುತ್ತ ಕೂತಿದ್ದೆ. ಮೂರು ಸಲ ಹರಿದು ಹಾಕಿದ್ದಾಯಿತು. ಬರೆದರೆ ಬರೀ ಬೈಗುಳ ಬರುತ್ತವೆ.

ಅಪ್ಪ ಒಳಗೆ ಹೋಗಿ ತೊಳೆದ ಅಂಗಿ ಹಾಕಿಕೊಂಡು ಬಂದ. ತಲೆಗೆ ಪಟಗ ಸುತ್ತಿಕೊಂಡ. ಎಲ್ಲಿಗೆ ಅಂತ ಕೇಳಿದೆ. ಪಂಚಾಯ್ತಿ ಕಡೆ ಗದ್ದ ತೋರಿಸಿದ.

"ಯಪ್ಪಾ, ಇವತ್ತ ಗುರುವಾರ. ಸುನಯನಾ ಬರಂಗಿಲ್ಲ. ಕನ್ನಡಕದಾಂವ ಓದ್ತಾನ."

"ಗೊತ್ತೈತಿ."

"ಆಂವ ನಮಗ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ" ಅಂದ. ಹೊಸ್ತಿಲು ದಾಟಿ ಒಂದು ಗಳಿಗೆ ನಿಂತ. "ಬರಾಕಿದ್ರ ಬಾ. ಆಂವ ಏನಂತಾನ ನನಗ ತಿಳಿಯಂಗಿಲ್ಲ."

ಹೋದ. ಒಬ್ಬನೇ. ಊರ ಅಗಸಿಯ ತನಕ ಹೋಗಿರಬೇಕು. ಮರೆವ್ವಾಯಿ ಯಾರನ್ನೋ ಕೂಗುತ್ತಿದ್ದಾಳೆ, "ಉಡಚಪ್ಪ ಹೊಂಟಾನ ನೋಡ್ರೇ" ಅಂತ. ಬಾಗಿಲು ತೆರೆಯುವ ಸದ್ದು, ಒಂದು… ಇನ್ನೊಂದು… ನಾನ್ಯಾಕೆ ಇನ್ನೂ ಬರೆಯುತ್ತ ಕೂತಿದ್ದೇನೆ, ಹುಚ್ಚಿ, ಎಂಟೂನಲವತ್ತಕ್ಕೆ ಮೊದಲು ನಾನು